ಹೊಟ್ಟಿ ಕಡಿತ

ನಗಬೇಕಂದ್ರ ನಗ್ರಿ. ನಾ ಏನೂ ಅನ್ಕೊಳ್ಳಂಗಿಲ್ಲ. ನಾನೂ ನಕ್ಕೀನಿ. ಹೊಟ್ಟಿಮ್ಯಾಗ ಹನ್ನೊಂದು ಹೊಲಿಗಿ ಇದ್ದಾಗ ನಕ್ಕೀನಿ, ನಕ್ಕು ನಕ್ಕು ಅತ್ತೀನಿ, ಅತ್ತು ಮತ್ತ ನಕ್ಕೀನಿ. ಸಾಯಾಕ ಒಂದು ಗೇಣು ಉಳಿದಿತ್ತು, ಆವಾಗೂ ನಗಿ ಬಂದಿತ್ತು. ಒಂದು ಮಾತಿನ ಸಲುವಾಗಿ ನನ್ನ ಜೀವ ಹೋಗೂದಿತ್ತು. ಆ ಮಾತು ಬೈಗಳಲ್ಲ, ಮಂತ್ರಲ್ಲ. ಕಡಿತ. ಅಷ್ಟ.

ನನ್ನ ಹೆಸರು ಚನ್ನಕ್ಕ. ಕುಷ್ಟಗಿ ಕಡೇದಾಕಿ. ನನ್ನ ಗಂಡ ಯಮನೂರ. ಗಂಡನ ಹೆಸರು ಹೇಳಬಾರದಂತಾರ. ಆಸ್ಪತ್ರಿ ಫಾರ್ಮಿನ್ಯಾಗ ಹತ್ತು ಸಲ ಹೇಳೀನಿ, ನಾಚಿಕಿ ಅವತ್ತ ಹೋತು. ಇಬ್ಬರೂ ಬೆಂಗಳೂರಿಗೆ ಬಂದು ಎಂಟು ತಿಂಗಳಾಗಿತ್ತು. ಹೆಬ್ಬಗೋಡ್ಯಾಗ ಒಂದು ಖೋಲಿ ಹಿಡದಿದ್ವಿ. ಶೀಟಿನ ಮಾಡು, ಹತ್ತು ಮನಿಗೆ ಒಂದು ಸಂಡಾಸ. ಯಮನೂರ ಎಲೆಕ್ಟ್ರಾನಿಕ್ ಸಿಟ್ಯಾಗ ಸೆಂಟ್ರಿಂಗ್ ಕೆಲಸಕ್ಕ ಹೋಗ್ತಿದ್ದ. ನಾ ಬೊಮ್ಮಸಂದ್ರದಾಗ ಡ್ರಮ್ಮು ತೊಳೀತಿದ್ದೆ.

ಡ್ರಮ್ಮು ತೊಳಿಯೂದಂದ್ರ ಏನಂತ ಭಾಳ ಮಂದಿಗೆ ಗೊತ್ತಿಲ್ಲ. ಔಷಧಿ ಫ್ಯಾಕ್ಟರಿಗೋಳಿಂದ ಖಾಲಿ ಡ್ರಮ್ಮು ಲಾರಿ ತುಂಬಿ ಬರ್ತಾವ. ತಳದಾಗ ಏನೋ ಹಳದಿ ಗಸಿ, ಏನೋ ಬಿಳಿ ಪುಡಿ. ಏನಂತ ಯಾರೂ ಹೇಳಂಗಿಲ್ಲ. ಸೊಂಟಮಟ ಒಳಗ ಬಗ್ಗಿ ತಂತಿ ಬ್ರಷಿನಿಂದ ತಿಕ್ಕಬೇಕು. ದಿನಕ್ಕ ನಲವತ್ತು. ಕೈಗವುಸು ಕೊಡ್ತಾರ, ಮೂರು ದಿನಕ್ಕ ಹರೀತಾವ, ಮುಂದಿನ ತಿಂಗಳಮಟ ಬರಿಗೈ. ಕೈಬಟ್ಟು ಬೆಳ್ಳಗಾಗಿ ತೊಗಲು ಸುಲೀತಾವ. ವಾಸನಿ ಅಂತೂ ತಲಿಗೂದಲದಾಗ ಹೊಕ್ಕು ಕುಂದ್ರತೈತಿ. ಹೊಸೂರು ರೋಡಿನ ಬಸ್ಸಿನ್ಯಾಗ ನಾ ಕುಂತ್ರ ಬಾಜೂ ಸೀಟು ಖಾಲಿ. ಮಂದಿ ನಿಂತಾರು, ನನ್ನ ಬಾಜೂಕ ಕುಂದ್ರಂಗಿಲ್ಲ. ನಾ ಚೀಲ ಪಕ್ಕಕ್ಕಿಟ್ಟು ರಾಣಿಯಂಗ ಕುಂತು ಬರ್ತಿದ್ದೆ.

ಒಂದಿನ ಡ್ರಮ್ಮಿನ್ಯಾಗ ಬಗ್ಗೀನಿ, ಮ್ಯಾಲೆ ಏಳಾಕ ಆಗವಲ್ದು. ಹೊಟ್ಟಿಯೊಳಗ ಯಾರೋ ಹಿಡದು ಹಿಂಡಿದಂಗಾತು. ಸೂಪರ್‌ವೈಸರು ಜೀರಾ ಸೋಡಾ ತರಿಸಿದ. ಅದನ್ನ ಕುಡದು ಅವನ ಬೂಟಿನ ಮ್ಯಾಗ ಕಾರಿದೆ. ಆಮ್ಯಾಲ ಆಟೋ ಬಂತು.

ಆಸ್ಪತ್ರಿ ದೊಡ್ಡದು. ಹೆಸರು ಬ್ಯಾಡ ಬಿಡ್ರಿ. ಮುಂದ ಗಾಜು, ಕಾರಂಜಿ. ಹಿಂದ ನಮ್ಮಂಥವರ ವಾರ್ಡು, ಹನ್ನೆರಡು ಕಾಟು. ಅಪೆಂಡಿಕ್ಸ್ ಅಂತ ಒಂದು ಇರತೈತಂತ ಹೊಟ್ಟ್ಯಾಗ, ಕೆಲಸಿಲ್ಲದ್ದು. ಅದು ಕೊಳೆತಿತ್ತು. ಕೊಯ್ದು ತಗದ್ರು. ಎರಡು ದಿನ ಚೊಲೋ ಇದ್ದೆ. ಬಾಜೂ ಕಾಟಿನ್ಯಾಗ ಮಾರಕ್ಕ ಅಂತ ಆನೇಕಲ್ ಕಡೆ ಮುದುಕಿ, ಪಿತ್ತಕೋಶದ ಕಲ್ಲು ತಗಿಸಿಕೊಂಡಾಕಿ. ತನ್ನ ಕಲ್ಲು ಒಂದು ಡಬ್ಬ್ಯಾಗ ಹಾಕ್ಕೊಂಡು ಬಂದೋರಿಗೆಲ್ಲ ತೋರಿಸ್ತಿದ್ಲು. "ನೋಡಮ್ಮಿ, ಎಂಗವೆ, ನನ್ನ ಮಕ್ಕಳಿಗಿಂತ ಚೆಂದಾಗವೆ!" ಅಂತಿದ್ಲು. ನಾವಿಬ್ಬರೂ ಹೊಟ್ಟಿ ಹಿಡಕೊಂಡು ನಗೂದು, ಬಿನ್ಸಿ ಸಿಸ್ಟರ್ ಬಂದು ಬೈಯೂದು.

ಮೂರನೇ ದಿನ ಮತ್ತ ಸುರು ಆತು. ಈ ಸಲ ಮೊದಲಿನಂಗಲ್ಲ. ಒಳಗೊಳಗ, ಬಿಡದ.

ಬೆಳಿಗ್ಗೆ ಡಾಕ್ಟರ್ ವೀರೇಶ್ ಬಂದ. ಹರೇದಾಂವ, ಎತ್ತರ, ಕಿಸೇದಾಗ ಕೈಗೆ ಹಚ್ಚಿಕೊಳ್ಳೂ ಔಷಧದ ಸಣ್ಣ ಬಾಟ್ಲಿ. ನನ್ನ ಕಾಲ್ದೆಸಿ, ಕಾಟಿನ ತುದಿಗೆ ನಿಂತ. ಅಂವ ದಿನಾ ನಿಂದರೂದು ಅಲ್ಲೇ. ಕಾಟಿನ ಕಬ್ಬಿಣಕ್ಕ ಫೈಲು ತೂಗಹಾಕಿರ್ತಾರಲ್ಲ, ಅದನ್ನ ತಗದು ನೋಡೂದು, ಅದಕ್ಕ ಕೇಳೂದು.

"ಹೇಗಿದ್ದೀರಾ?" ಅಂದ.

ನಮ್ಮ ಕಡೆ ಹಂಗ ಕೇಳಿದ್ರ ಮೊದಲು ಆರಾಮ್ರಿ ಅನಬೇಕು. ಅದು ಮರ್ಯಾದಿ. ಸುದ್ದಿ ಏನಿದ್ರೂ ಆಮ್ಯಾಲ.

"ಆರಾಮ್ರಿ," ಅಂದೆ. ಅಂವ ಬರಕೊಂಡ. "ಆದ್ರ ಹೊಟ್ಟಿ ಭಾಳ ಕಡಿಯಾಕತ್ತೈತ್ರಿ," ಅಂದೆ. ಅದನ್ನೂ ಬರಕೊಂಡ.

"ಇಚಿಂಗ್," ಅಂದ ಬಿನ್ಸಿ ಸಿಸ್ಟರಿಗೆ. "ಲೋಷನ್ ಹಚ್ಚಿ."

ಮುಂದಿನ ಕಾಟಿಗೆ ಹೋದ. ಅಷ್ಟ ಆತು ನೋಡ್ರಿ. ನಮ್ಮ ಕಡೆ ಕಡಿತ ಅಂದ್ರ ನೋವು. ಹೊಟ್ಟಿ ಕಡೀತೈತಿ, ಕೈಕಾಲು ಕಡೀತಾವ, ಹಡಿಯೂ ಹೆಂಗಸಿಗೆ ಸೊಂಟ ಕಡೀತೈತಿ. ಈ ಬೆಂಗಳೂರು ಕಡೆ ಕಡಿತ ಅಂದ್ರ ತುರಿಕಿ. ಬಿನ್ಸಿ ಸಿಸ್ಟರ್ ಕೇರಳದಾಕಿ, ಅಕಿ ಮಾತಿನ್ಯಾಗೂ ಕಡಿ ಅಂದ್ರ ತುರಿಕೀನ ಅಂತ. ಇದೆಲ್ಲ ನನಗ ಆಮ್ಯಾಲ ಗೊತ್ತಾತು. ಅವತ್ತು ಏನು ತಿಳೀಬೇಕು?

ಬಾಟ್ಲಿ ಬಂತು. ಗುಲಾಬಿ ಬಣ್ಣದ ನೀರು, ಥಣ್ಣಗ. ಯಮನೂರ ಅಂಗೈಯಾಗ ಸುರುವಿಕೊಂಡು, ಹೊಲಿಗಿ ಪಟ್ಟಿ ಬಿಟ್ಟು ಹೊಟ್ಟಿ ತುಂಬ ಬಳದ.

"ನೋಡಲೇ ಚನ್ನೀ," ಅಂದ, "ಊರಾಗ ಹೊಟ್ಟಿ ಕಡದ್ರ ಓಮಿನ ಕಾಳು ತಿಂತಿದ್ವಿ. ಇಲ್ಲಿ ಮ್ಯಾಲೆ ಹಚ್ಚೂ ಔಷಧನ ಬಂದೈತಿ. ಬೆಂಗಳೂರು ಅಂದ್ರ ಬೆಂಗಳೂರು."

"ಏನಮ್ಮಿ, ಒಟ್ಟೆಗೆಲ್ಲ ಪೌಡ್ರು ಬಳ್ಕೊಂಡಿದೀಯ, ಮದ್ವೆಗೋಯ್ತೀಯಾ?" ಅಂದ್ಲು ಮಾರಕ್ಕ.

ನಗಿ ಬಂತು. ನಕ್ಕಾಗ ಒಳಗ ಏನೋ ಜಗ್ಗಿತು. ಬಾಯಿ ಮುಚ್ಚಿಕೊಂಡೆ.

ನಾಲ್ಕನೇ ದಿನ ಜ್ವರ. ಬಿನ್ಸಿ ಸಿಸ್ಟರ್ ಬಂದ್ಲು. ಚೊಲೋ ಹುಡುಗಿ, ನಗುಮುಖದಾಕಿ, ಮೂರು ವಾರ್ಡು ಸೇರಿ ಮೂವತ್ತು ಮಂದಿಗೆ ಅಕಿ ಒಬ್ಬಾಕಿ. "ಚನ್ನಕ್ಕಾ, ತಿಂಡಿ ಆಯ್ತಾ?" ಅಂದ್ಲು.

ನಮ್ಮ ಕಡೆ ತಿಂಡಿ ಅಂದ್ರ ತುರಿಕಿ. ಇಲ್ಲಿ ತಿಂಡಿ ಅಂದ್ರ ನಾಷ್ಟಾ ಅಂತ ನನಗೂ ಗೊತ್ತಿತ್ತು. ಆದ್ರ ಜ್ವರದಾಗ ತಲಿ ಊರಿಗೆ ಓಡಿ ಹೋಗಿತ್ತು. ಇಕಿ ತುರಿಕಿ ಕೇಳಾಕತ್ತಾಳಂತ ತಿಳಕೊಂಡೆ. ಸದ್ಯ, ಕೇಳಿದ್ಲಲ್ಲ, ಸರಿಯಾಗಿ ಹೇಳಿಬಿಡೂನು ಅಂತ ಒಂದೊಂದ ಮಾತು ಬಿಡಿಸಿ ಹೇಳಿದೆ.

"ತಿಂಡಿ ಇಲ್ರಿ ಸಿಸ್ಟರ. ಒಟ್ಟ ತಿಂಡಿ ಇಲ್ಲ. ಬರೀ ಕಡಿತ ಐತಿ."

ಅಕಿ ಬರಕೊಂಡ್ಲು. ನಾಷ್ಟಾ ಮಾಡಿಲ್ಲ, ತುರಿಕಿ ಐತಿ. ಹೋಗಿ ಎರಡು ಇಡ್ಲಿ, ಇನ್ನೊಂದು ಲೋಷನ್ ಬಾಟ್ಲಿ ತಂದಿಟ್ಲು.

ನಗ್ರಿ, ನಗ್ರಿ. ಈಗ ನಗೂದ.

ನೋವು ಅಂತ ಯಾಕ ಹೇಳಲಿಲ್ಲ ಅಂತ ಕೇಳ್ತೀರಿ. ಹೇಳೀನ್ರಿ! ನೋವು ಅಂದೀನಿ, ಬ್ಯಾನಿ ಅಂದೀನಿ, ಅಯ್ಯೋ ಅಂದೀನಿ, ಯವ್ವಾ ಅಂದೀನಿ. ಅಯ್ಯೋ ಅನ್ನೂದಕ್ಕ ಯಾ ಊರ ಭಾಷಾ ಬೇಕು? "ಆಪರೇಷನ್ ಆದ್ಮೇಲೆ ಸ್ವಲ್ಪ ನೋವು ನಾರ್ಮಲ್," ಅಂದ ವೀರೇಶ, ಅಲ್ಲೇ ಕಾಲ್ದೆಸಿ ನಿಂತು. ಫೈಲಿನ್ಯಾಗ ತುರಿಕಿ ಅಂತ ಬಿದ್ದಿತ್ತು. ಫೈಲಿನ ಮಾತಿನ ಮುಂದ ನನ್ನ ಮಾತು ಯಾವ ಲೆಕ್ಕ.

ಐದನೇ ದಿನ ತೊಗಲಿನ ಡಾಕ್ಟರನ್ನ ಕರಕೊಂಡು ಬಂದ್ರು, ಒಬ್ಬ ಮೇಡಂ. ಕೈಗೆ ಗ್ಲೌಸು ಹಾಕ್ಕೊಂಡು, ಪೆನ್ನಿನಿಂದ ನನ್ನ ಬಟ್ಟು ಒಂದೊಂದ ಅಗಲಿಸಿ ನೋಡಿದ್ಲು. ಬಟ್ಟಿನ ಸಂದ್ಯಾಗ ತೊಗಲು ಸುಲಿದಿತ್ತು. ಡ್ರಮ್ಮು ತಿಂದ ತೊಗಲು ಅದು.

"ಕಜ್ಜಿ," ಅಂದ್ಲು. "ಅಂಟುತ್ತೆ. ಈ ಜನ ಸ್ನಾನಾನೇ ಮಾಡಲ್ಲ."

"ಡ್ರಮ್ಮು ತೊಳಿಯೂ ಕೆಲಸಾರಿ ಮೇಡಂ, ಅದರಾಗಿನ ಕೆಮಿಕಲ್‌ಲಿಂದ—" ಅಂದೆ. ಅಕಿ ಆಗಲೇ ಬೆನ್ನು ತಿರುವಿದ್ಲು. ದಿನಾ ನಲವತ್ತು ಡ್ರಮ್ಮು ತೊಳಿಯಾಕಿಗೆ ಇವ್ರು ತೊಳಕೊಳ್ಳೂದು ಕಲಿಸಾಕತ್ತಿದ್ರು.

ನನ್ನ ಕಾಟು ಬಾಗಿಲ ಮೂಲಿಗೆ ದೂಡಿದ್ರು. ಸುತ್ತಲೂ ಹಸಿರು ಪರದಾ. ಒಬ್ಬ ಆಯಾ ಬಾಯಿಗೆ ಬಟ್ಟಿ ಕಟ್ಟಿಕೊಂಡು ನನ್ನ ಬಚ್ಚಲಿಗೆ ನಡಿಸಿದ್ಲು. ಗ್ವಾಡಿ ಹಿಡಕೊಂಡು ನಿಂತೆ. ದೂರ ನಿಂತು ಪೈಪಿನಿಂದ ನೀರು ಬಿಟ್ಲು, ಗಾಡಿ ತೊಳದಂಗ. ಖಾರದಂಥಾ ಸಾಬೂನು ಕೈಯಾಗ ಒಗದು "ಉಜ್ಜು, ಗಟ್ಟಿಯಾಗಿ ಉಜ್ಜು" ಅಂದ್ಲು. ಹನ್ನೊಂದು ಹೊಲಿಗಿ ಇಟಗೊಂಡು ಉಜ್ಜಿದೆ. ಅಳು ಬಂತು, ಆದ್ರ ಅಕಿ ಮುಂದ ಅಳಲಿಲ್ಲ. ಅಲ್ಲಿಂದ ಮುಂದ ನನ್ನ ಪರದಾದೊಳಗ ಯಮನೂರನ್ನ ಬಿಟ್ಟು ಯಾರೂ ಕಾಲಿಡಲಿಲ್ಲ. ಊಟದ ತಟ್ಟಿ ಸ್ಟೂಲಿನ ಮ್ಯಾಗ ಇಟ್ಟು ಸ್ಟೂಲನ್ನ ಕಾಲಿಲೆ ಒಳಗ ದೂಡತಿದ್ರು. ಗುಳಿಗಿ ಕಾಗದದಾಗ ಇಟ್ಟು ಒಗೀತಿದ್ರು. ನಮ್ಮೂರ ಹೋಟ್ಲಾಗ ನಮ್ಮ ಕೇರಿ ಮಂದಿಗೆ ಚಾ ಕೊಡೂ ರೀತಿ ಅದು, ನನಗ ಹೊಸಾದಲ್ಲ. ಬೆಂಗಳೂರಿಗೆ ಬಂದ್ರ ತಪ್ಪತೈತಿ ಅಂತ ತಿಳಕೊಂಡಿದ್ದೆ, ಅದು ನನ್ನ ತಪ್ಪು.

ಜಾತಿಗೆ ಮುಟ್ಟಲಿಲ್ಲೋ, ವಾಸನಿಗೆ ಮುಟ್ಟಲಿಲ್ಲೋ, ಕಜ್ಜಿಗೆ ಮುಟ್ಟಲಿಲ್ಲೋ, ಹೊತ್ತಿಲ್ಲಂತ ಮುಟ್ಟಲಿಲ್ಲೋ. ಹೊಟ್ಟಿಗೇನು ಗೊತ್ತು? ಅದು ತನ್ನ ಪಾಡಿಗೆ ಉಬ್ಬಾಕತ್ತಿತ್ತು.

ಏಳನೇ ದಿನ ಹಸಿರು ವಾಂತಿ. ಬಿಕ್ಕಳಿಕಿ ನಿಂದರವಲ್ದು. ಕಜ್ಜಿ ಕೀವಾಗಿ ಜ್ವರ ಅಂತ ಬರದ್ರು. ಜ್ವರದ ಗುಳಿಗಿ ಒಗದ್ರು. ಯಮನೂರ ಎಲ್ಲಾದಕ್ಕೂ "ಹೂಂ ಸಾರ್, ಹೂಂ ಮೇಡಂ" ಅಂತಿದ್ದ. ಅಂವಗ ಬಯ್ದೆ. "ಡಾಕ್ಟ್ರಿಗಿಂತ ಹೆಚ್ಚು ನಮಗ ತಿಳೀತೈತೇನಲೇ?" ಅಂದ. ಅಂವನ ಕಣ್ಣಾಗೂ ಹೆದರಿಕಿ ಇತ್ತು.

ಎಂಟನೇ ದಿನ ಬೆಳಿಗ್ಗೆ ಡಿಸ್ಚಾರ್ಜು ಅಂದ್ರು. ಕಾಟು ಬೇಕಾಗೈತಂತ. ಹೊಲಿಗಿ ಒಣಗ್ಯಾವ, ತುರಿಕಿಗೆ ಹೊರಗಿನಿಂದ ತೋರಿಸಿಕೊಳ್ರಿ ಅಂತ. ಯಮನೂರ ಪ್ಲಾಸ್ಟಿಕ್ ಚೀಲದಾಗ ಸೀರಿ, ತಾಟು, ಖಾಲಿ ಲೋಷನ್ ಬಾಟ್ಲಿ ಎರಡು ತುಂಬಿದ. ಖಾಲಿ ಬಾಟ್ಲಿ ಯಾಕ ಅಂದ್ರ, ಎಣ್ಣಿಗೆ ಬರ್ತಾವ ಅಂದ. ಆಂಜಿನಪ್ಪ ಅಂತ ವಾರ್ಡಿನಾಂವ ಗಾಲಿ ಕುರ್ಚಿ ತಂದು ಪರದಾದ ಹೊರಗ ನಿಲ್ಲಿಸಿದ.

ಮನಿಗೆ ಹೋದ್ರ ಸಾಯ್ತೀನಿ. ಇದು ನನಗ ಯಾರೂ ಹೇಳಲಿಲ್ಲ, ನನಗ ಗೊತ್ತಿತ್ತು. ಆ ಶೀಟಿನ ಖೋಲ್ಯಾಗ ಸಂಜಿಮಟ ಬದುಕಂಗಿಲ್ಲ ಅಂತ ಗೊತ್ತಿತ್ತು. ಆದ್ರ ಖರೇ ಹೇಳ್ತೀನಿ, ಹೆದರಿಕಿ ಹೋಗಿಬಿಟ್ಟಿತ್ತು. ಜ್ವರ ಏರಿ ತಲಿ ಹಗುರಾಗಿತ್ತು. ಕಾಟು ತೇಲಾಕತ್ತಿತ್ತು. ಮ್ಯಾಲೆ ಫ್ಯಾನು ತಿರಗೂದು ನೋಡಿದ್ರೂ ನಗಿ. ಆಂಜಿನಪ್ಪನ ಮೀಸಿ ನೋಡಿದ್ರೂ ನಗಿ. ಬಿಕ್ಕಳಿಕಿ ಒಂದು, ನಗಿ ಒಂದು.

"ಏನಮ್ಮಿ ಒಬ್ಬಳೇ ನಗ್ತಿದೀಯಾ?" ಅಂತ ಮಾರಕ್ಕ ಅಲ್ಲಿಂದ ಕೂಗಿದ್ಲು.

"ಡಿಸ್ಚಾರ್ಜ್ ಆತಬೇ ಮಾರಕ್ಕಾ! ಸಾಯಾಕ ಮನಿಗೆ ಕಳಸಾಕತ್ತಾರ!" ಅಂದೆ.

ಆವಾಗ ಬಂತ್ರಿ ಒಂದು ವಾಸನಿ. ಪುಂಡಿಪಲ್ಲೆ. ಜ್ವಾಳದ ರೊಟ್ಟಿ. ಎಂಟು ತಿಂಗಳ ಮ್ಯಾಲೆ ಆ ವಾಸನಿ! ಜ್ವರದಾಗ ಹಂಗ ಅನಸಾಕತ್ತೈತಿ ಅಂದ್ಕೊಂಡೆ. ಪರದಾದ ಸಂದ್ಯಾಗ ನೋಡಿದೆ. ಬಾಗಿಲ ಬಾಜೂ ಬೆಂಚಿನ ಮ್ಯಾಗ ಒಬ್ಬಾಕಿ ಹಿರೇಮನಶಾಳು ಕುಂತಿದ್ಲು. ಹಣಿಮ್ಯಾಗ ಇಭೂತಿ, ಇಳಕಲ್ ಸೀರಿ, ತೊಡಿಮ್ಯಾಗ ಬುತ್ತಿ ಚೀಲ. ವೀರೇಶ ಓಡಿ ಬಂದ.

"ಯವ್ವಾ, ವಾರ್ಡಿಗೆ ಬರಬ್ಯಾಡಂತ ಎಷ್ಟು ಸಲ ಹೇಳೀನಿ?" ಅಂದ.

ನನ್ನ ಕಿವಿ ನೆಟ್ಟಗಾದವು. ಯವ್ವಾ ಅಂದ! ಎಂಟು ದಿನ ಹೇಗಿದ್ದೀರಾ, ಹೇಗಿದ್ದೀರಾ ಅಂದಾಂವ ಯವ್ವಾ ಅಂದ. ಅಕಿ ಶರಣಮ್ಮ, ಅಂವನ ಹಡದವ್ವ. ಗಂಗಾವತಿ ಕಡೇದವ್ರು, ಈಗ ಎಲೆಕ್ಟ್ರಾನಿಕ್ ಸಿಟಿ ಕಡೆ ಅಪಾರ್ಟ್‌ಮೆಂಟಿನ್ಯಾಗ ಅದಾರ. ಇದೂ ನನಗ ಆಮ್ಯಾಲ ಗೊತ್ತಾದದ್ದು.

"ಎರಡು ದಿನ ಆತೋ ಯಪ್ಪಾ ನೀ ಮನಿಗೆ ಬಂದು, ಏನು ತಿಂತಿಯೋ ಏನೋ ಅಂತ ಬುತ್ತಿ ತಂದೆ," ಅಂದ್ಲು ಶರಣಮ್ಮ. "ಲಿಫ್ಟ್ ಕೆಟ್ಟೈತಂತ ನಮ್ಮ ಅಪಾರ್ಟ್‌ಮೆಂಟಿನ್ಯಾಗ. ಐದು ಮಾಳಿಗಿ ಇಳದೆ. ಮೊಣಕಾಲು ಕಡಿಯಾಕತ್ತಾವೋ ವೀರೇಶಾ. ಭಾಳ ಕಡಿಯಾಕತ್ತಾವ."

ನಾ ಉಸಿರು ಹಿಡದೆ.

ವೀರೇಶ ನೆಲಕ್ಕ ಕುಕ್ಕರಗಾಲಿಲೆ ಕುಂತ. ಅವ್ವನ ಸೀರಿ ನಿರಗಿ ಸರಿಸಿ, ಎರಡೂ ಬರಿಗೈಯಿಂದ ಮೊಣಕಾಲು ಹಿಡದ. ಒತ್ತಿ ನೋಡಿದ. "ಇಲ್ಲೆ? ಇಲ್ಲೆ ಮುಟ್ಟಿದ್ರ ನೋವು ಐತೇನು? ಇಲ್ಲೆ?" ಅಂದ. "ಬಾವು ಬಂದೈತಿ ಯವ್ವಾ. ನೋವಿನ ಗುಳಿಗಿ ಕೊಡ್ತೀನಿ ತಡಿ."

ಲೋಷನ್ ಹಚ್ಚಲಿಲ್ಲ! ಗುಲಾಬಿ ನೀರು ತರಿಸಲಿಲ್ಲ! ಇಚಿಂಗ್ ಅನ್ನಲಿಲ್ಲ! ಕಡಿತ ಅಂದ್ರ ನೋವು ಅಂತ ಮಗನಿಗೆ ಹುಟ್ಟಿದಾಗಿಂದ ಗೊತ್ತೈತಿ. ಮನಿಯೊಳಗ ಒಂದು ಕಿವಿ, ವಾರ್ಡಿನೊಳಗ ಇನ್ನೊಂದು ಕಿವಿ ಇಟಗೊಂಡಾನ.

ನಗಿ ಒಡೀತು ನೋಡ್ರಿ. ಎಂಥಾ ನಗಿ! ಹೊಟ್ಟಿ ಹರದು ಹೋಗಲಿ ಅಂತ ನಕ್ಕೆ. ಪರದಾ ಹಿಡದು ಜಗ್ಗಿದೆ. ಕೊಂಡಿ ಪಟಪಟ ಕಿತ್ತು ಪರದಾ ಪೂರಾ ಕೆಳಗ ಬಿತ್ತು. ಹನ್ನೊಂದು ಕಾಟಿನ ಮಂದಿ ಎದ್ದು ಕುಂತು ನೋಡಿದ್ರು.

"ಡಾಕ್ಟರಾ!" ಅಂದೆ. "ಅವ್ವನ ಮೊಣಕಾಲಿಗೆ ಲೋಷನ್ ಹಚ್ರಿ! ಕಡಿಯಾಕತ್ತಾವಂತ! ಕಜ್ಜಿ ಇರಬೇಕು ನೋಡ್ರಿ!"

ವೀರೇಶ ಎದ್ದು ನಿಂತ. ಮುಖ ಬೆಳ್ಳಗಾತು. "ಏನ್ರೀ ಇದು? ಮಲಗಿ, ಮಲಗಿ," ಅಂದ, ಮತ್ತ ಬೆಂಗಳೂರು ಕನ್ನಡದಾಗ.

"ಮಲಗಂಗಿಲ್ಲ. ನಂದೂ ಹೊಟ್ಟಿ ಕಡಿಯಾಕತ್ತೈತಿ ಅಂತ ಐದು ದಿನದಿಂದ ಬಡಕೊಳ್ಳಾಕತ್ತೀನಿ. ನಿಮ್ಮವ್ವ ಅಂದ್ರ ನೋವು, ನಾ ಅಂದ್ರ ತುರಿಕಿ ಏನ್ರಿ?"

ಶರಣಮ್ಮ ಎದ್ದು ಬಂದ್ಲು. ಮೊಣಕಾಲು ಮರತು ಬಂದ್ಲು. ನನ್ನ ಮಾತು ಕೇಳಿ ಅಕಿ ಮುಖ ಅರಳಿತ್ತು.

"ಯಾವೂರಬೇ ತಂಗಿ ನಿಂದು?"

"ಕುಷ್ಟಗಿ ಕಡೇರಿ."

"ಅಯ್ಯ, ನಮ್ಮ ಬಾಜೂನ! ಹೊಟ್ಟಿ ಕಡಿತೇನು? ಎಲ್ಲಿ?" ಅಂತ ಕೈ ಚಾಚಿದ್ಲು. ಹಂಗ ಚಾಚಿಕೊಂಡ ಕೇಳಿದ್ಲು, "ಯಾರ ಪೈಕಿ?"

ಬಿಡಲಿಲ್ಲ ನೋಡ್ರಿ. ಸಾಯಾಕ ಬಿದ್ದಾಕಿಗೂ ಕೇಳಿದ್ಲು.

"ಮಾದರ ಪೈಕಿರಿ," ಅಂದೆ. ಗಟ್ಟಿಯಾಗಿ ಅಂದೆ.

ಚಾಚಿದ ಕೈ ಅಲ್ಲೇ ನಿಂತಿತು. ನನ್ನ ಹೊಟ್ಟಿಗೂ ಆ ಕೈಗೂ ಒಂದು ಚೋಟು. ಆಮ್ಯಾಲ ಆ ಕೈ ಹಿಂದಕ್ಕ ಹೋಗಿ ಸೆರಗು ಸರಿ ಮಾಡಿಕೊಂತು. ಮುಟ್ಟಲಿಲ್ಲ. ಆದ್ರ ಮಾತು ಅಕಿಗೆ ತಿಳಿದಿತ್ತು, ಅದನ್ನ ಬಚ್ಚಿಡಲಿಲ್ಲ. ಮಗನ ಕಡೆ ತಿರುಗಿ ಬಯ್ದ್ಲು.

"ಏ ವೀರೇಶಾ! ಅಕಿ ಹೊಟ್ಟಿ ಬ್ಯಾನಿ ಅನ್ನಾಕತ್ತಾಳೋ. ಕಡಿತ ಅಂದ್ರ ಏನಂತ ನಿನಗ ಗೊತ್ತಿಲ್ಲೇನು? ಸಣ್ಣಂವಿದ್ದಾಗ ನೀ ಹೊಟ್ಟಿ ಕಡಿತ ಅಂತ ಎಷ್ಟು ಸಲ ಸಾಲಿ ತಪ್ಪಿಸೀಯಲೇ?"

ವಾರ್ಡಿಗೆ ವಾರ್ಡ್ ನಕ್ಕಿತು. ಬಿನ್ಸಿ ಸಿಸ್ಟರ್ ಬಾಯಿಮ್ಯಾಗ ಕೈ ಇಟಗೊಂಡ್ಲು. ಅಕಿಗೂ ಈಗ ತಿಳೀತು, ಕಣ್ಣಾಗ ನೀರು ಬಂದವು.

"ಫೈಲಲ್ಲಿ..." ಅಂದ ವೀರೇಶ.

"ಫೈಲಿನ್ಯಾಗ ಬರದಾಂವ ನೀನ," ಅಂದೆ. ರೀ ಹೋಗಿತ್ತು. "ಈಗ ಮುಟ್ಟಿ ನೋಡು. ಮುಟ್ಟಿ ನೋಡೂಮಟ ನಾ ಈ ಕುರ್ಚಿಗೆ ಕುಂದ್ರಂಗಿಲ್ಲ, ಎಲ್ಲೂ ಸಹಿ ಹಾಕಂಗಿಲ್ಲ. ಎತ್ತಿ ಒಗೀತೀರೇನು, ಒಗೀರಿ. ಎತ್ತಾಕರ ಮುಟ್ಟಬೇಕಲ್ಲ!"

"ಅಂಗೇಳಮ್ಮಿ!" ಅಂತ ಮಾರಕ್ಕ ಕಾಟಿನ ಕಬ್ಬಿಣಕ್ಕ ತನ್ನ ಕಲ್ಲಿನ ಡಬ್ಬಿ ಬಡದ್ಲು. "ಮುಟ್ ನೋಡಿ ಸಾಮಿ! ಒಟ್ಟೆ ತಾನೆ, ಕಚ್ಚೋಕೆ ಆವಲ್ಲವಲ್ಲ!"

ವೀರೇಶ ಮುಂದ ಬಂದ. ಎಂಟು ದಿನದಾಗ ಮೊದಲನೇ ಸಲ ಕಾಲ್ದೆಸಿ ಬಿಟ್ಟು ಮಗ್ಗಲಿಗೆ ಬಂದ. "ಸಿಸ್ಟರ್, ಗ್ಲೌಸ್," ಅಂದ.

"ಅವ್ವನ ಮೊಣಕಾಲಿಗೆ ಗ್ಲೌಸ್ ಹಾಕ್ಕೊಂಡಿದ್ದೇನು?" ಅಂದೆ.

ಚಾಚಿದ ಕೈ ಬಿನ್ಸಿ ಕಡೆಯಿಂದ ಹಿಂದಕ್ಕ ತಗೊಂಡ. ಬರಿಗೈ ಹೊಟ್ಟಿಮ್ಯಾಗ ಇಟ್ಟ. ಒತ್ತಿದ.

ನಾ ಒದರಿದ್ದು ಫ್ಲೈಓವರಿನ ಮ್ಯಾಗ ಹೋಗೂ ಕಾರಿನವ್ರಿಗೂ ಕೇಳಿಸಿರಬೇಕು.

ಹೊಟ್ಟಿ ಹಲಗಿ ಆಗಿತ್ತು. ಅಂವನ ಬಟ್ಟು ಒಳಗ ಹೋಗಲಿಲ್ಲ. ಅಂವನ ಮುಖ ನೋಡಿದೆ. ಡಾಕ್ಟರ್ ಮುಖ ಹೋಗಿ, ಸಾಲಿ ತಪ್ಪಿಸಿ ಸಿಕ್ಕುಬಿದ್ದ ಹುಡುಗನ ಮುಖ ಬಂದಿತ್ತು. "ಒಳಗೆ ಲೀಕ್ ಆಗಿದೆ. ಕೀವು ತುಂಬಿದೆ. ಥಿಯೇಟರ್‌ಗೆ ಹೇಳಿ, ಈಗ್ಲೇ, ಈಗ್ಲೇ!" ಅಂತ ಚೀರಿದ.

ಆಮ್ಯಾಲ ನೋಡ್ರಿ ಜಾತ್ರಿ! ಆಂಜಿನಪ್ಪ ಸ್ಟ್ರೆಚರ್ ತರಾಕ ಓಡಿ ಎತ್ಲಾಗ ಹೋದ್ನೋ ಬರಲೇ ಇಲ್ಲ. ವೀರೇಶ ಕಾಟಿನ ಗಾಲಿ ಕೊಕ್ಕಿ ಒದ್ದು ಬಿಚ್ಚಿ, ಕಾಟನ್ನ ದೂಡಾಕತ್ತಿದ. ಒಂದು ಕಡೆ ಅಂವ, ಒಂದು ಕಡೆ ಯಮನೂರ, ಆಗಷ್ಟ ಚುಚ್ಚಿದ ಸಲೈನ್ ಬಾಟ್ಲಿ ಎತ್ತಿ ಹಿಡಕೊಂಡು ಬಿನ್ಸಿ. ಹಿಂದ ಬುತ್ತಿ ಚೀಲ ಹಿಡಕೊಂಡು ಶರಣಮ್ಮ. "ಸಾವಕಾಶೋ, ಸಾವಕಾಶೋ, ಬಿದ್ದಾಳು!" ಅಂತಿದ್ಲು. ಕಾಟಿನ ಒಂದು ಗಾಲಿ ಕೆಟ್ಟಿತ್ತು, ಗ್ವಾಡಿ ಗ್ವಾಡಿಗೆ ಹೋಗಿ ಬಡೀತಿತ್ತು. ಗಾಜಿನ ಕಡೆ ಹೊರಳಿದ್ವಿ. ಕಾರಂಜಿ ಬಂತು, ಸೋಫಾ ಬಂತು, ಕಾಫಿ ಕುಡಿಯೂ ಮಂದಿ ಬಂದ್ರು. ನನ್ನ ವಾಸನಿ ಹೊಡದು ಎದ್ದು ನಿಂತ್ರು. ಅವ್ರಿಗೆಲ್ಲ ಕೈ ಬೀಸಿದೆ. ನೋವು ಅಂದ್ರ ನೋವು, ಕಣ್ಣು ಕತ್ತಲಿ ಬರಾಕತ್ತಿತ್ತು, ಆದ್ರ ಮುಟ್ಟಿ ನೋಡಿದ್ರಲ್ಲ! ಒಬ್ಬರರ ಮುಟ್ಟಿದ್ರಲ್ಲ! ಆ ಖುಷಿಗೆ ಹುಚ್ಚು ಹಿಡದಂಗಾಗಿತ್ತು.

ಥಿಯೇಟರಿನ ಬಾಗಿಲಿಗೆ ನಿಂತ್ವಿ. ಹಸಿರು ಟೊಪಿಗಿ ಹಾಕ್ಕೊಂಡ ಒಬ್ಬಾಕಿ ಸಿಸ್ಟರ್ ಬಂದ್ಲು. ಫೈಲು ತಗದ್ಲು. ನನ್ನ ಬಿಟ್ಟು, ನನ್ನ ತಲಿಮ್ಯಾಲಿಂದ ಡಾಕ್ಟರನ್ನ ಕೇಳಿದ್ಲು.

"ಸರ್, ಇಲ್ಲಿ ಇಚಿಂಗ್ ಅಂತಿದೆ. ಕಂಪ್ಲೇಂಟ್ ಏನಂತ ಬರೀಲಿ?"

ವೀರೇಶ ಬಾಯಿ ತಗದ.

"ಅಂವನ್ನ ಕೇಳಬ್ಯಾಡ್ರಿ," ಅಂದೆ. "ಹೊಟ್ಟಿ ನಂದು. ನನ್ನ ಕೇಳ್ರಿ."

ಅಕಿ ನನ್ನ ನೋಡಿದ್ಲು.

"ಬರೀರಿ. ಐದು ದಿನದಿಂದ ಹೊಟ್ಟಿ ಕಡಿಯಾಕತ್ತೈತಿ. ಕಡಿತ ಅಂದ್ರ ನೋವು."

ಬರದ್ಲು.

"ಐದು ದಿನ ಡಾಕ್ಟರು ಮುಟ್ಟಿ ನೋಡಲಿಲ್ಲ. ಅದನ್ನೂ ಬರೀರಿ."

ಪೆನ್ನು ನಿಂತಿತು. "ಅದೆಲ್ಲ ಬರಿಯೋಕಾಗಲ್ಲಮ್ಮ. ಟೈಮಿಲ್ಲ, ನಡೀರಿ ಒಳಗೆ."

ಕಾಟು ಒಳಗ ದೂಡಿದ್ರು. ನಾ ಬಾಗಿಲ ಚೌಕಟ್ಟು ಹಿಡದೆ. ಎರಡೂ ಕೈಲೆ ಹಿಡದೆ. ಡ್ರಮ್ಮು ಉರುಳಿಸೂ ಕೈ ಅವು, ಬಿಡಂಗಿಲ್ಲ ಅಂದ್ರ ಬಿಡಂಗಿಲ್ಲ. ಇಬ್ಬರು ವಾರ್ಡ್‌ಬಾಯ್‌ಗೋಳು ಬಂದು ಬಟ್ಟು ಬಿಡಿಸಾಕ ನಿಂತ್ರು. ಕಜ್ಜಿ ಅಂತ ಸ್ಟೂಲು ಒದ್ದ ಮಂದಿ, ಈಗ ನನ್ನ ಒಂದೊಂದು ಬಟ್ಟೂ ಹಿಡದು ಜಗ್ಗಾಕತ್ತಿದ್ರು. ತೊಗಲು ಕಿತ್ತು ಬಂತು. ಬಿಡಲಿಲ್ಲ.

"ಬಿಡಲೇ ಚನ್ನೀ, ಸಾಯ್ತಿ!" ಅಂತ ಯಮನೂರ ಅತ್ತ.

"ಬರೀಲಿ. ಬಿಡ್ತೀನಿ."

"ನಾನು ಬರೆದ್ರೆ ಎನ್‌ಕ್ವೈರಿ ಆಗುತ್ತೆ ಸರ್," ಅಂದ್ಲು ಸಿಸ್ಟರ್, ವೀರೇಶನ ಕಡೆ ನೋಡಿ.

ವೀರೇಶ ಒಮ್ಮೆ ಅವ್ವನ ಕಡೆ ನೋಡಿದ. ಶರಣಮ್ಮ ನೆಲ ನೋಡಾಕತ್ತಿದ್ಲು. ಅಂವ ಸಿಸ್ಟರ್ ಕೈಯಾಗಿನ ಪೆನ್ನು ಕಸಕೊಂಡು ಫೈಲಿನ ಮ್ಯಾಗ ಬರಿಯಾಕತ್ತಿದ.

"ಇಂಗ್ಲೀಷ್ ಬ್ಯಾಡ," ಅಂದೆ. "ಕನ್ನಡದಾಗ ಬರಿ. ನನ್ನ ಗಂಡ ಏಳನೇತ್ತೆಮಟ ಸಾಲಿ ಕಲ್ತಾನ. ಅಂವ ಓದಲಿ."

ಡಾಕ್ಟರು ಗೀಚಿದ್ದನ್ನ ಹೊಡದುಹಾಕಿದ. ಬರದ. ಫೈಲು ಯಮನೂರನ ಕೈಗೆ ಕೊಟ್ಟ.

ಎಂಟು ದಿನ ಹೂಂ ಸಾರ್ ಬಿಟ್ಟು ಬ್ಯಾರೆ ಮಾತಾಡದ ನನ್ನ ಗಂಡ, ಕಣ್ಣೀರು ಒರಸಿಕೊಂಡು, ಸಾಲ್ಯಾಗ ನಿಂತು ಪಾಠ ಓದಿದಂಗ, ಇಡೀ ಕಾರಿಡಾರಿಗೆ ಕೇಳೂಹಂಗ ಓದಿದ.

"ಚನ್ನಕ್ಕ... ಐದು ದಿನ... ನೋವು ಎಂದು ಹೇಳಿದರು. ನಾನು... ಮುಟ್ಟಿ ನೋಡಲಿಲ್ಲ. ಡಾಕ್ಟರ್ ವೀರೇಶ್."

"ಇನ್ನೊಮ್ಮೆ ಓದು," ಅಂದೆ.

ಇನ್ನೊಮ್ಮೆ ಓದಿದ.

ನಾ ಬಾಗಿಲು ಬಿಟ್ಟೆ.